ಎರೆಭೂಮಿಯ ಬಿಲವಾಸಿ ದಂಶಕಗಳು: ಕಲ್ಲೋಳಿ ಪರಿಸರದಲ್ಲಿ ಅವುಗಳ ನಿಯಂತ್ರಣ

ಉತ್ತರ ಅಮೆರಿಕದ ಹೊಲಗಳಲ್ಲಿ ಬಿಲ ತೋಡಿ ಹಾನಿಯನ್ನುಂಟುಮಾಡುವ ಪ್ರಾಣಿಗಳಲ್ಲಿ ಗ್ರೌಂಡ್‌ಹಾಗ್ ಎಂಬುದು ಪ್ರಸಿದ್ಧವಾದುದು. ಇದು ಮಾರ್ಮಟ್ ಕುಲಕ್ಕೆ ಸೇರಿದುದು; ಭಾರತದಲ್ಲಿ ಈ ಕುಲದ ಪ್ರಾಣಿಗಳು ಹಿಮಾಲಯದ ಎತ್ತರ ಪ್ರದೇಶಗಳಲ್ಲಿ ಮಾತ್ರ ವಾಸಿಸುತ್ತವೆ. ಚಳಿಗಾಲವನ್ನು ದೀರ್ಘನಿದ್ರೆಯಲ್ಲಿ ಕಳೆದು ವರ್ಷಕ್ಕೊಮ್ಮೆ ಮಾತ್ರ ಮರಿಹಾಕುವ ಅದನ್ನು ಒಂದೊಂದಾಗಿ ಹಿಡಿದು ನಿವಾರಿಸುವುದು ಸಾಧ್ಯ. ಮೂಡಲಗಿ ತಾಲೂಕಿನ ಕಲ್ಲೋಳಿ ಹಾಗೂ ಅದರ ಸುತ್ತಲಿನ ಗೋಕಾಕ, ಹುಕ್ಕೇರಿ ಸೀಮೆಯ ಒಕ್ಕಲಿಗರು ಎದುರಿಸಬೇಕಾದ ಬಿಲವಾಸಿಗಳಾದರೋ ಗಾತ್ರದಲ್ಲಿ ಚಿಕ್ಕವು, ಸಂತಾನದಲ್ಲಿ ಅಪಾರವಾದವು.

ಇವುಗಳಲ್ಲಿ ಮೂರು ಮುಖ್ಯ. ಮೊದಲನೆಯದು ಸಣ್ಣ ಹೆಗ್ಗಣ (ಬ್ಯಾಂಡಿಕೋಟ ಬೆಂಗಾಲೆನ್ಸಿಸ್). ಇದು ವಿಶಾಲವಾದ ಬಿಲವನ್ನು ತೋಡಿ, ಬಾಯಿಯ ಬಳಿ ಹಸಿಮಣ್ಣಿನ ಗುಪ್ಪೆ ಹಾಕಿ, ಒಳಗೆ ಕಾಳನ್ನು ಕೂಡಿಡುತ್ತದೆ. ಕಬ್ಬಿನ ಬುಡವನ್ನೂ ಕಡಿಯುತ್ತದೆ. ಎರಡನೆಯದು ಮೃದು ರೋಮದ ಹೊಲದ ಇಲಿ (ಮಿಲ್ಲಾರ್ಡಿಯ ಮೆಲ್ಟಾಡ). ಇದು ಬಿಲ ತೋಡುವುದಕ್ಕೆ ಹೆಚ್ಚು ಶ್ರಮಪಡದೆ ಎರೆಮಣ್ಣಿನ ಬಿರುಕುಗಳಲ್ಲಿಯೇ ನೆಲಸುತ್ತದೆ. ಮೂರನೆಯದು ಉದ್ದ ಬಾಲದ ಬಯಲು ಇಲಿ (ಟಟೇರ ಇಂಡಿಕ). ಇದು ಒಣನೆಲಗಳಲ್ಲಿ ಹೆಚ್ಚು.

ಈ ಪ್ರಾಣಿಗಳನ್ನು ಕುರಿತು ನಮ್ಮ ಸೀಮೆಯಿಂದಲೇ ದೊರೆತಿರುವ ಹಳೆಯ ಸಾಕ್ಷ್ಯ ಗಮನಾರ್ಹವಾದುದು. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್, 1824ರ ಕಿತ್ತೂರಿನ ಯುದ್ಧದಲ್ಲಿ ಸೆರೆಸಿಕ್ಕವನು, ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದನು. 1826ರಲ್ಲಿ ಮುಂಗಾರಿನ ಆರಂಭದ ಮಳೆ ಕಡಿಮೆಯಾದುದರಿಂದ ಹೊಲದ ಇಲಿಗಳು ಮಿತಿಮೀರಿ ಹೆಚ್ಚಿದುವೆಂದೂ, ಬಿತ್ತಿದ ಬೀಜವನ್ನು ತಿಂದು, ಮುಂದೆ ಜೋಳದ ದಂಟನ್ನೇರಿ ತೆನೆಗಳನ್ನು ಕತ್ತರಿಸಿದುವೆಂದೂ, ರೈತರು ಕಂದಾಯ ತೆರಲಾರದಷ್ಟು ಹಾನಿಯಾಯಿತೆಂದೂ ಆತ ಬರೆದಿದ್ದಾನೆ. ರೈತರು ಕೆರೆ ತೋಡುವ ವಡ್ಡರಿಗೆ ಧಾನ್ಯವನ್ನು ಕೂಲಿಯಾಗಿ ಕೊಟ್ಟು ಸಾವಿರಾರು ಇಲಿಗಳನ್ನು ಕೊಲ್ಲಿಸಿದರೂ ಸಂಖ್ಯೆ ಕುಗ್ಗಿದಂತೆ ಕಾಣಲಿಲ್ಲ.

ಇದಕ್ಕೆ ಕಾರಣವೇನು? ಸಾಮಾನ್ಯ ವರ್ಷಗಳಲ್ಲಿ ಮೊದಲ ಮಳೆಗೆ ಎರೆಮಣ್ಣು ಉಬ್ಬಿ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಒಳಗಿದ್ದ ಅಸಂಖ್ಯ ಇಲಿಗಳು ಸಾಯುತ್ತವೆ. ಆ ವರ್ಷ ಈ ನಿಸರ್ಗದತ್ತ ತಡೆ ತಪ್ಪಿಹೋಯಿತು. ಸುಮಾರು ಮೂರು ವಾರಗಳ ಗರ್ಭಾವಧಿಯುಳ್ಳ ಪ್ರಾಣಿಗೆ ಆಶ್ರಯ ಮತ್ತು ಆಹಾರಗಳು ಉಳಿದಿರುವವರೆಗೆ, ಕೊಂದಷ್ಟನ್ನು ಅದು ಬೇಗನೆ ತುಂಬಿಕೊಳ್ಳುತ್ತದೆ. ಹಾಗಾದುದರಿಂದ ಕೊಂದ ಇಲಿಗಳ ಸಂಖ್ಯೆಯು ಯಶಸ್ಸಿನ ಅಳತೆಯಾಗಲಾರದು. ಉಳಿದಿರುವ ಸಜೀವ ಬಿಲಗಳ ಸಂಖ್ಯೆಯೇ ಸರಿಯಾದ ಅಳತೆ.

ಘಟಪ್ರಭೆಯ ಕಾಲುವೆಗಳಿಂದ ಇಲ್ಲಿನ ಪರಿಸ್ಥಿತಿ ಇನ್ನಷ್ಟು ಬದಲಾಗಿದೆ. ನೀರಾವರಿಯ ಹೊಲದಲ್ಲಿ ನೆಲ ಬೇಸಗೆಯಲ್ಲಿಯೂ ಹಸಿಯಾಗಿರುತ್ತದೆ. ಕಬ್ಬು ವರ್ಷವಿಡೀ ಮರೆಯನ್ನೊದಗಿಸುತ್ತದೆ. ಒಣಬೇಸಾಯದ ಕಾಲದ ಹಸಿವಿನ ತಿಂಗಳುಗಳು ಹೆಗ್ಗಣಕ್ಕೆ ಈಗಿಲ್ಲ. ಅಲ್ಲದೆ ಬದುವಿನಲ್ಲಿಯೂ ಕಾಲುವೆಯ ಏರಿಯಲ್ಲಿಯೂ ತೋಡಿದ ಬಿಲಗಳಿಂದ ನೀರು ಸೋರಿ ಮಣ್ಣು ಕುಸಿಯುವ ಭಯವಿದೆ.

ಆದಕಾರಣ ನಿವಾರಣೆಯ ಕ್ರಮವು ಬದುವಿನಿಂದಲೇ ಆರಂಭವಾಗಬೇಕು. ಬದುಗಳನ್ನು ಅಗಲವಾಗಿ ಬಿಡದೆ, ಅವುಗಳ ಮೇಲಿನ ಹುಲ್ಲುಪೊದೆಗಳನ್ನು ತೆಗೆದು, ಕೊಯ್ಲಿನ ಅನಂತರ ಬಿಲಗಳನ್ನು ಅಗೆಯಬೇಕು. ಆಮೇಲೆ ಸಜೀವ ಬಿಲಗಳನ್ನು ಗುರುತಿಸಬೇಕು: ಸಂಜೆ ಬಿಲಗಳನ್ನು ಮುಚ್ಚಿ ಗುಪ್ಪೆಗಳನ್ನು ಸಮಮಾಡಿದರೆ, ಮರುದಿನ ತೆರೆದ ಬಾಯಿ ಅಥವಾ ಹೊಸಮಣ್ಣು ಕಂಡಲ್ಲಿ ಪ್ರಾಣಿಯಿದೆಯೆಂದು ತಿಳಿಯುತ್ತದೆ.

ವಿಷಪ್ರಯೋಗದಲ್ಲಿ ವಿವೇಕ ಅವಶ್ಯ. ಸತುವಿನ ಫಾಸ್ಫೈಡನ್ನು ಬಳಸುವುದಾದರೆ ಮೊದಲೆರಡು ದಿನ ಎಣ್ಣೆ ಸವರಿದ ವಿಷರಹಿತ ಕಾಳನ್ನಿಟ್ಟು ರೂಢಿಮಾಡಿಸಿ, ಅನಂತರ 96 ಭಾಗ ಕಾಳು, 2 ಭಾಗ ಎಣ್ಣೆ, 2 ಭಾಗ ವಿಷದ ಮಿಶ್ರಣವನ್ನು ಬಿಲದೊಳಗೆ ಇಡಬೇಕು. ಅಲ್ಪವಿಷ ತಿಂದು ಬದುಕಿದ ಇಲಿ ಮತ್ತೆ ಅದನ್ನು ಮುಟ್ಟದು; ಆದುದರಿಂದ ಅದನ್ನೇ ಮೇಲಿಂದ ಮೇಲೆ ಇಡುವುದು ವ್ಯರ್ಥ. ಉಳಿದವುಗಳಿಗೆ ಬ್ರೋಮಡಿಯೊಲೋನ್‌ನಂಥ ನಿಧಾನವಿಷ ಸೂಕ್ತ. ಅಲ್ಯೂಮಿನಿಯಂ ಫಾಸ್ಫೈಡಿನ ಅನಿಲ ಮನುಷ್ಯರಿಗೂ ಮಾರಕ. ಅದರ ಬಳಕೆ ಕಾನೂನಿನಿಂದ ನಿರ್ಬಂಧಿತವಾಗಿದೆ. ಬಿರುಕುಬಿಟ್ಟ ಎರೆಯಲ್ಲಿ ಅನಿಲ ಸೋರಿಹೋಗುವುದರಿಂದ ಪ್ರಯೋಜನವೂ ಅಲ್ಪ. ಉಳಿದ ವಿಷವನ್ನೂ ಸತ್ತ ಇಲಿಗಳನ್ನೂ ಹೂಳದಿದ್ದರೆ ನಾಯಿ, ದನ, ಪಕ್ಷಿಗಳಿಗೆ ಅಪಾಯ. ಕೇರೆಹಾವು, ಮುಂಗುಸಿ, ಗೂಬೆಗಳು ರೈತನಿಗೆ ಕೂಲಿಯಿಲ್ಲದೆ ದುಡಿಯುವ ಸಹಾಯಕರು. ಅವುಗಳನ್ನು ಕೊಂದವನು ಇಲಿಯನ್ನು ಸಾಕಿದಂತೆ.

ಕೊನೆಯದಾಗಿ, ಇದು ಒಬ್ಬನ ಕೆಲಸವಲ್ಲ. ಒಂದು ಹೊಲದಲ್ಲಿ ಬರಿದಾದ ಬಿಲವನ್ನು ಪಕ್ಕದ ಹೊಲದ ಹೆಗ್ಗಣ ಬೇಗನೆ ಆಕ್ರಮಿಸುತ್ತದೆ. ಬೆಳೆ ತೆನೆಗಟ್ಟುವ ಮುನ್ನ, ಒಂದೇ ವಾರದಲ್ಲಿ, ಊರಿನ ಹೊಲಗಳೆಲ್ಲವನ್ನೂ ಕಾಲುವೆಯ ಏರಿಯನ್ನೂ ಕೂಡಿಸಿ ಕೆಲಸ ಮಾಡಿದಲ್ಲಿ ಮಾತ್ರ ಫಲ ಸ್ಥಿರವಾದೀತು. 1826ರ ರೈತರಲ್ಲಿ ಶ್ರಮಕ್ಕೆ ಕೊರತೆಯಿರಲಿಲ್ಲ. ಆದರೆ ಇಲಿಗಳು ಅಷ್ಟು ಹೆಚ್ಚಿದ ಮೇಲೆ ಕೊಲ್ಲುವುದೊಂದರಿಂದಲೇ ಅವನ್ನು ತಗ್ಗಿಸುವುದು ಸಾಧ್ಯವಾಗಲಿಲ್ಲ.