ಮೈಮುರಿದು ದುಡಿದರೂ ತೂಕ ಏಕೆ ಏರುತ್ತದೆ?

“ಬೆಳಗಿನಿಂದ ಸಂಜೆಯತನಕ ಒಂದು ಕಡೆ ಕೂಡುವುದಿಲ್ಲ. ಆದರೂ ಹೊಟ್ಟೆ ಬರುತ್ತಿದೆಯಲ್ಲ, ಏಕೆ?” ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹಮಾಲರು, ಬಸ್ ಕಂಡಕ್ಟರುಗಳು, ಹೋಟೆಲ್ ಕೆಲಸದವರು, ನಸುಕಿನಲ್ಲೆದ್ದು ಮಲ್ಲಿಗೆ ಮೊಗ್ಗು ಬಿಡಿಸುವ ಹೆಣ್ಣುಮಕ್ಕಳು ಹೀಗೆ ಕೇಳಿದರೆ ನಗುವಂತಿಲ್ಲ. ತೂಕ ಹೆಚ್ಚಿ ಮಂಡಿ ಹಿಡಿದುಕೊಂಡರೆ ಇವರ ಕೂಲಿಯೇ ನಿಲ್ಲುತ್ತದೆ. ಸಕ್ಕರೆ ಕಾಯಿಲೆ ಬಂದರೆ ದುಡಿದದ್ದು ಔಷಧಿಗೆ ಹೋಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 30 ಮಂದಿಯ ತೂಕ ಇರಬೇಕಾದುದಕ್ಕಿಂತ ಹೆಚ್ಚು. ಅವರೆಲ್ಲ ಕುರ್ಚಿಯಲ್ಲಿ ಕುಳಿತವರೇನೂ ಅಲ್ಲ.

ದುಡಿಮೆ ವ್ಯರ್ಥವೆಂದು ಇದರರ್ಥವಲ್ಲ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ, ಕುಳಿತೇ ಇರುವ ಚಾಲಕರಿಗಿಂತ ಹೃದ್ರೋಗ ಕಡಿಮೆ ಎಂದು ಡಾ. ಜೆರ್ರಿ ಮಾರಿಸ್ 1953ರಲ್ಲೇ ತೋರಿಸಿದ್ದರು. ಆದರೆ ಹೃದಯಕ್ಕೆ ಒಳ್ಳೆಯದಾದದ್ದು ತೂಕವನ್ನೂ ಇಳಿಸಬೇಕೆಂಬ ನಿಯಮವಿಲ್ಲ. ತಾಂಜಾನಿಯಾದ ಹಡ್ಜಾ ಎಂಬ ಬೇಟೆಗಾರ ಸಮುದಾಯದ ಮೇಲೆ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ದಿನವಿಡೀ ಅಲೆಯುವ ಆ ಜನ ಒಂದು ದಿನಕ್ಕೆ ವ್ಯಯಿಸುವ ಶಕ್ತಿಯು, ದೇಹದ ಗಾತ್ರವನ್ನು ಲೆಕ್ಕಕ್ಕೆ ಹಿಡಿದಾಗ, ಪಾಶ್ಚಾತ್ಯ ನಗರವಾಸಿಗಳದಕ್ಕಿಂತ ಹೆಚ್ಚೇನಿರಲಿಲ್ಲ! ನಿತ್ಯದ ದುಡಿಮೆಗೆ ದೇಹ ಹೊಂದಿಕೊಂಡು ಬೇರೆ ಕಡೆ ಉಳಿತಾಯ ಮಾಡುತ್ತದೆ ಎಂಬುದು ಅವರ ವಿವರಣೆ. ಇದನ್ನು ವಿಜ್ಞಾನಿಗಳೆಲ್ಲ ಪೂರ್ತಿ ಒಪ್ಪಿಲ್ಲ. ಆದರೆ ಬರಿಯ ಕೆಲಸದಿಂದ ತೂಕ ಇಳಿಯುವುದು ಕಷ್ಟವೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. “ಇಷ್ಟು ದುಡಿದಿದ್ದೇನೆ, ಒಂದು ತುತ್ತು ಹೆಚ್ಚಿಗೆ ಉಂಡರೇನು” ಎಂಬ ಸಮಾಧಾನವೂ ಇದಕ್ಕೆ ಸೇರಿಕೊಳ್ಳುತ್ತದೆ.

ಮೊದಲು ಚಹಾದ ಲೆಕ್ಕ ನೋಡಿ. ಕೆಲಸದ ನಡುವೆ ದಿನಕ್ಕೆ ಆರು ಕಪ್ ಚಹಾ, ಕಪ್ಪಿಗೆ ಎರಡು ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಎಂದರೂ 60 ಗ್ರಾಂ ಸಕ್ಕರೆ, 240 ಕ್ಯಾಲೊರಿ. ಇದನ್ನು ಕರಗಿಸಲು ಸುಮಾರು ಒಂದು ಗಂಟೆ ಬಿರುಸಾಗಿ ನಡೆಯಬೇಕು. ಚಹಾ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಸಕ್ಕರೆಯನ್ನು ಒಂದೊಂದು ಚಮಚಕ್ಕೆ ಇಳಿಸಿ. ನಾಲಿಗೆ ಕೆಲವು ವಾರ ಮುನಿಸಿಕೊಂಡು ಆಮೇಲೆ ಸುಮ್ಮನಾಗುತ್ತದೆ. ಹೀಗೆ ಉಳಿಯುವ 120 ಕ್ಯಾಲೊರಿಯಿಂದ ತಿಂಗಳಿಗೆ ಅರ್ಧ ಕೆ.ಜಿ.ಯೂ ಇಳಿಯಲಾರದು. ವಾರಕ್ಕೆ ಐದು ಕೆ.ಜಿ. ಇಳಿಸುತ್ತೇವೆನ್ನುವ ಪುಡಿ, ಪಾನೀಯಗಳ ಜಾಹೀರಾತಿಗಿಂತ ಈ ನಿಧಾನವೇ ಮೇಲು.

ಎರಡನೆಯದು ಎಣ್ಣೆ. ನಾಲ್ವರ ಮನೆಗೆ ತಿಂಗಳಿಗೆ ಐದು ಲೀಟರ್ ಎಣ್ಣೆ ಮುಗಿಯುತ್ತಿದ್ದರೆ ದಿನಕ್ಕೆ ತಲಾ 40 ಮಿ.ಲೀ. ದಾಟಿತು. ಅದನ್ನು ಮೂರು ಲೀಟರಿಗೆ ಇಳಿಸಿದರೆ ಪ್ರತಿಯೊಬ್ಬರಿಗೂ ದಿನಕ್ಕೆ ಸುಮಾರು 135 ಕ್ಯಾಲೊರಿ ಕಡಿಮೆಯಾಗುತ್ತದೆ, ಹಣವೂ ಉಳಿಯುತ್ತದೆ. ಸಂಜೆಯ ಮಿರ್ಚಿ-ಮಂಡಕ್ಕಿಯನ್ನು ಈ ಸೀಮೆಯವರಿಂದ ಬಿಡಿಸಲು ಹೊರಡುವಷ್ಟು ಧೈರ್ಯ ನಮಗಿಲ್ಲ. ಮಂಡಕ್ಕಿಗೆ ಈರುಳ್ಳಿ, ಟೊಮ್ಯಾಟೊ, ಸೌತೆಕಾಯಿ ಹೆಚ್ಚು ಬೆರೆಸಿ, ನಾಲ್ಕು ಮಿರ್ಚಿಯ ಬದಲು ಒಂದೇ ತಿನ್ನಿ.

ಊಟದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಜೋಳದ ರೊಟ್ಟಿ ಎಷ್ಟು ತಿಂದರೂ ಮೈ ಬರುವುದಿಲ್ಲ ಎನ್ನುತ್ತಾರೆ. ತೂಕಕ್ಕೆ ತೂಕ ಹಿಡಿದರೆ ಜೋಳದ ಹಿಟ್ಟಿನಲ್ಲೂ ಅಕ್ಕಿಯಲ್ಲೂ ಇರುವ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ. ಜೋಳದಲ್ಲಿ ನಾರು ಹೆಚ್ಚು, ಅಗಿದು ತಿನ್ನಬೇಕು, ಹೊಟ್ಟೆ ಬೇಗ ತುಂಬುತ್ತದೆ. ಆದರೆ ಮೂರು ರೊಟ್ಟಿಯ ಮೇಲೆ ಒಂದು ತಟ್ಟೆ ಅನ್ನ ಸುರಿದುಕೊಂಡರೆ ಆ ಲಾಭ ಅಲ್ಲಿಗೇ ಮುಗಿಯಿತು. ಒಂದು ರೊಟ್ಟಿಯನ್ನೋ ಅರ್ಧ ಅನ್ನವನ್ನೋ ಕಡಿಮೆ ಮಾಡಿ, ಆ ಜಾಗಕ್ಕೆ ಹೆಸರುಕಾಳು, ಮಡಿಕೆಕಾಳು, ಪುಂಡಿಪಲ್ಯ, ಮಜ್ಜಿಗೆ ಬರಲಿ. ಶೇಂಗಾ ಪೌಷ್ಟಿಕವೇ, ಆದರೆ 30 ಗ್ರಾಂ ಶೇಂಗಾದಲ್ಲಿ ಸುಮಾರು 170 ಕ್ಯಾಲೊರಿ ಇದೆ. ಚಟ್ನಿಪುಡಿಯ ಮೇಲೆ ಮತ್ತೆ ಎಣ್ಣೆ ಹಾಕಿಕೊಳ್ಳುವವರು ಇದನ್ನು ನೆನಪಿಡಬೇಕು.

ದುಡಿಯುವವರಿಗೆ ಬೇರೆ ವ್ಯಾಯಾಮ ಏಕೆ? ಮೂಟೆ ಹೊರುವುದು, ಬಗ್ಗಿ ಕಳೆ ತೆಗೆಯುವುದು ಕೆಲವೇ ಸ್ನಾಯುಗಳನ್ನು ದಣಿಸುತ್ತದೆ. ಉಸಿರು ತುಸು ಏರುವಂತೆ ಎಡೆಬಿಡದೆ ನಡೆಯುವುದು ಬೇರೆ. ರಾತ್ರಿ ಊಟವಾದ ಮೇಲೆ ಹತ್ತು-ಹದಿನೈದು ನಿಮಿಷ ನಡೆದರೆ ರಕ್ತದ ಸಕ್ಕರೆಯೂ ಹತೋಟಿಗೆ ಬರುತ್ತದೆ. ಮಂಡಿನೋವಿಲ್ಲದವರು ಕುರ್ಚಿಯಿಂದ ಕೈ ಊರದೆ ಹತ್ತು ಬಾರಿ ಎದ್ದು ಕೂಡಬಹುದು. ರಥೋತ್ಸವಕ್ಕೆ ಕೊಟ್ಟೂರಿನವರೆಗೆ ಕಾಲ್ನಡಿಗೆಯಲ್ಲಿ ಬರುವ ಜನ, ಉಳಿದ ದಿನಗಳಲ್ಲಿ ಕೂಗಳತೆಯ ಅಂಗಡಿಗೂ ಬೈಕ್ ಹತ್ತುತ್ತಾರೆ! ಬೇಸಿಗೆಯಲ್ಲಿ ಮಾತ್ರ ನಡಿಗೆ ಬಿಸಿಲೇರುವ ಮುನ್ನ ಮುಗಿಯಲಿ.

ತಕ್ಕಡಿ ಇಲ್ಲದಿದ್ದರೆ ಟೈಲರ್ ಟೇಪು ಸಾಕು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಬಾರದು. ತಿಂಗಳಿಗೊಮ್ಮೆ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಅಳೆದು ಬರೆದಿಡಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು. ಗರ್ಭಿಣಿಯರು ತೂಕ ಇಳಿಸುವ ಪ್ರಯತ್ನ ಮಾಡಬಾರದು. ಆಯಾಸ, ಮಲಬದ್ಧತೆಯೊಂದಿಗೆ ತೂಕ ಏರುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಏನೂ ಮಾಡದೆಯೇ ತೂಕ ಇಳಿಯತೊಡಗಿದರೆ ಸಂತೋಷಪಡದೆ ಬೇಗನೆ ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳಿ.