ಬಾಣಂತಿಯ ಎದೆಹಾಲು ನಿಲ್ಲುವುದು ಯಾಕೆ?



ಪ್ರತಿ ವರ್ಷ ಆಗಸ್ಟ್ 1ರಿಂದ 7ರವರೆಗೆ ವಿಶ್ವ ಸ್ತನ್ಯಪಾನ ಸಪ್ತಾಹ. ತಾಯಿಹಾಲು ಅಮೃತ ಅಂತ ಭಾಷಣ ಮಾಡಿ, ಚಪ್ಪಾಳೆ ತಟ್ಟಿ ಮನೆಗೆ ಹೋಗ್ತೇವೆ. ಅದು ಅಮೃತ ಅಂತ ನಮ್ಮ ಅಜ್ಜಿಯಂದಿರಿಗೂ ಗೊತ್ತಿತ್ತು. ಹಾಗಿದ್ದರೂ ಎಷ್ಟೋ ತಾಯಂದಿರು ಎರಡು ಮೂರು ತಿಂಗಳಲ್ಲೇ ಬಾಟಲಿ ಹಿಡಿಯುವುದು ಯಾಕೆ?

ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಹಾಲುಣಿಸಬೇಕು. ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ. ಆಮೇಲೆ ಬೇರೆ ಆಹಾರದ ಜೊತೆ ಎರಡು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಮುಂದುವರಿಸಬೇಕು. ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 89 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಿವೆ. ಆದರೆ ಮೊದಲ ಗಂಟೆಯಲ್ಲಿ ಹಾಲು ಸಿಕ್ಕಿದ್ದು ನೂರರಲ್ಲಿ 42 ಮಕ್ಕಳಿಗೆ ಮಾತ್ರ! 2015-16ರ ಸಮೀಕ್ಷೆಯಲ್ಲೂ ಹೆಚ್ಚುಕಡಿಮೆ ಇಷ್ಟೇ ಇತ್ತು. ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ಎದೆಹಾಲು ಕುಡಿಯುವವರು ಮಾತ್ರ ನೂರಕ್ಕೆ 55ರಿಂದ 64ಕ್ಕೆ ಏರಿದ್ದಾರೆ. ಇದು ಸಂತೋಷದ ವಿಷಯ.

ಮನೆಭೇಟಿಗೆ ಹೋದಾಗ ನಾನು ಹೆಚ್ಚಾಗಿ ಕೇಳುವ ಮಾತು, "ಹಾಲು ಸಾಲುವುದಿಲ್ಲ ಸಿಸ್ಟರ್." ಹೇಳುವವಳು ಬಾಣಂತಿಯೇ ಆದರೂ ಆ ಮಾತನ್ನು ಅವಳ ಕಿವಿಗೆ ಹಾಕಿದವರು ಮಗು ನೋಡಲು ಬಂದವರು. ಮಗು ಅತ್ತರೆ ಸಾಕು, ಹಸಿವೆ ಅಂತ ತೀರ್ಮಾನ. ಮಗು ಸೆಖೆಗೂ ಅಳುತ್ತದೆ, ಒದ್ದೆಯಾದರೂ ಅಳುತ್ತದೆ, ಎತ್ತಿಕೊಳ್ಳಲಿ ಅಂತಲೂ ಅಳುತ್ತದೆ. ಬರೀ ಎದೆಹಾಲು ಕುಡಿಯುವ ಮಗು, ಮೊದಲ ವಾರ ಕಳೆದ ಮೇಲೆ, ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದರೆ, ತೂಕ ಏರುತ್ತಿದ್ದರೆ, ಹಾಲು ಸಾಲುತ್ತಿದೆ ಅಂತಲೇ ಅರ್ಥ.

ಮಗು ಚೀಪಿದಷ್ಟೂ ಹಾಲು ಊರುತ್ತದೆ. ಹೆದರಿ ಒಂದು ಹೊತ್ತು ಬಾಟಲಿ ಕೊಟ್ಟರೆ ಆ ಹೊತ್ತು ಮಗು ಚೀಪುವುದಿಲ್ಲ, ಹಾಲು ಕಡಿಮೆಯಾಗುತ್ತದೆ. ಮರುದಿನ ಎರಡು ಬಾಟಲಿ ಬೇಕು. ಹೀಗೆ, ಇಲ್ಲದ ಕೊರತೆಯನ್ನು ನಾವೇ ತಂದುಕೊಳ್ಳುತ್ತೇವೆ. ಜೇನು, ಸಕ್ಕರೆ ನೀರು, ಗ್ರೈಪ್ ವಾಟರ್ ಯಾವುದೂ ಬೇಡ. ಬೇಸಿಗೆಯಲ್ಲೂ ನೀರು ಬೇಡ, ಎದೆಹಾಲಿನಲ್ಲಿ ಬಹುಪಾಲು ನೀರೇ ಇದೆ. ನೀರು ಬೇಕಾದದ್ದು ಬಾಣಂತಿಗೆ. ಪಥ್ಯದ ಹೆಸರಲ್ಲಿ ಅವಳಿಗೆ ಅಳೆದು ನೀರು ಕೊಡುವ ಮನೆಗಳು ಈಗಲೂ ಇವೆ, ಅದನ್ನು ನಾನು ಒಪ್ಪುವುದಿಲ್ಲ. ಸಿಸೇರಿಯನ್ ಆದವಳೂ ಹಾಲುಣಿಸಬಹುದು. ಆದರೆ ಮಗುವನ್ನು ಹಿಡಿದುಕೊಡಲು, ಮಗ್ಗುಲಾಗಿಸಲು ಪಕ್ಕದಲ್ಲಿ ಒಬ್ಬರಿರಬೇಕು.

ಇನ್ನೊಂದು ಕಾರಣ ಕೆಲಸ. 2017ರಲ್ಲಿ ಕಾನೂನು ತಿದ್ದುಪಡಿಯಾಗಿ ಹೆರಿಗೆ ರಜೆ 26 ವಾರಕ್ಕೆ ಏರಿತು. ಆದರೆ ದಿನಗೂಲಿಯವಳಿಗೆ, ಮನೆಗೆಲಸದವಳಿಗೆ ರಜೆ ಕೊಡುವವರು ಯಾರು? ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂ. ಇದೆ, ಅಂಗನವಾಡಿಯಲ್ಲಿ ವಿಚಾರಿಸಿ. ಆರು ತಿಂಗಳ ಕೂಲಿಗೆ ಅದು ಸಮವಲ್ಲ, ಆದರೂ ಬಿಡಬೇಡಿ. ಕೆಲಸಕ್ಕೆ ಹೋಗಲೇಬೇಕಾದರೆ ಕೈ ತೊಳೆದು, ಕುದಿಸಿ ತೆಗೆದ ಸ್ಟೀಲ್ ಲೋಟಕ್ಕೆ ಹಾಲು ಹಿಂಡಿ ಮುಚ್ಚಿಡಿ. ತಂಪಾದ ಜಾಗದಲ್ಲಿ ನಾಲ್ಕು ಗಂಟೆ ಇಡಬಹುದು. ಅದನ್ನು ಕುದಿಸಬಾರದು. ಚಮಚದಲ್ಲೋ ಒಳಲೆಯಲ್ಲೋ ಕುಡಿಸಿ, ಬಾಟಲಿ ಬೇಡ.

ಇಲ್ಲಿ ಸಂಘದ ಕೆಲಸವೂ ಇದೆ. ವಾರದ ಸಭೆಗೆ ಬಾರದ ಬಾಣಂತಿಗೆ ದಂಡ ಹಾಕುವ ನಿಯಮ ನಿಮ್ಮಲ್ಲಿದ್ದರೆ ಆರು ತಿಂಗಳು ಬಿಟ್ಟುಬಿಡಿ. ಸಾಲದ ಕಂತಿಗಾಗಿಯೇ ಒಂದೂವರೆ ತಿಂಗಳಿಗೆ ಕೂಲಿಗೆ ಹೊರಡುವವರಿದ್ದಾರೆ. ಕಂತು ಮುಂದೂಡಲು ಸಭೆಯಲ್ಲಿ ಠರಾವು ಮಾಡಿ. ಸಭೆಗೆ ಬಂದವಳು ಅಲ್ಲೇ ಕೂತು ಹಾಲುಣಿಸಲಿ, ನಾಚಿಕೆ ಯಾಕೆ? ಹಾಲಿನ ಪುಡಿ ಕಂಪೆನಿಯವರು ಪುಕ್ಕಟೆ ಡಬ್ಬಿ ಕೊಡುವುದು, ಜಾಹೀರಾತು ಮಾಡುವುದು 1992ರ ಕಾನೂನಿನ ಪ್ರಕಾರ ಅಪರಾಧ. ಇದೂ ಎಲ್ಲರಿಗೂ ತಿಳಿದಿರಲಿ. ಕಾಯಿಲೆಯಿಂದಲೋ ಬೇರೆ ಕಾರಣದಿಂದಲೋ ನಿಜವಾಗಿಯೂ ಹಾಲುಣಿಸಲಾಗದ ತಾಯಂದಿರೂ ಇದ್ದಾರೆ. ಅವರನ್ನು ಯಾರೂ ಹಂಗಿಸಬಾರದು, ವೈದ್ಯರ ಬಳಿ ಕರೆದುಕೊಂಡು ಹೋಗಿ.

ಮೊಲೆತೊಟ್ಟು ಒಡೆದು ನೋವಾದರೆ ಹೆಚ್ಚಾಗಿ ಮಗು ಬಾಯಿ ಹಾಕಿದ ರೀತಿ ಸರಿಯಿಲ್ಲ ಅಂತ ಅರ್ಥ. ತೊಟ್ಟು ಮಾತ್ರವಲ್ಲ, ಸುತ್ತಲಿನ ಕಪ್ಪು ಭಾಗದ ಬಹುಪಾಲು ಮಗುವಿನ ಬಾಯೊಳಗಿರಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಅವರ ಎದುರಿಗೇ ಹಾಲುಣಿಸಿ ತೋರಿಸಿ, ಸರಿಪಡಿಸಿಕೊಡುತ್ತಾರೆ. ಅವರು ಬಾರದಿದ್ದರೆ ಸಂಘದಿಂದ ಒಬ್ಬರು ಹೋಗಿ ಕರೆದು ತನ್ನಿ.