ಬ್ರೇಕ್ ಖರ್ಚಿನಲ್ಲಿ ಎಲ್ಲಿ ಕೈ ಹಿಡಿಯಬಹುದು?

‘ಪ್ಯಾಡ್ ಸವೆದಿದೆ, ಡಿಸ್ಕೂ ಹಾಕಿಸಿಬಿಡಿ’ ಎಂದು ಗ್ಯಾರೇಜಿನಲ್ಲಿ ಹೇಳಿದಾಗ ಹಳೆಯ ಕಾರಿನ ಮಾಲೀಕ ಜೇಬು ಮುಟ್ಟಿ ನೋಡಿಕೊಳ್ಳುವುದು ಸಹಜ. ಎರಡನ್ನೂ ಒಟ್ಟಿಗೆ ಬದಲಿಸಲೇಬೇಕೆಂಬ ನಿಯಮವಿಲ್ಲ. ಅದನ್ನು ತೀರ್ಮಾನಿಸಬೇಕಾದದ್ದು ಅಳತೆ.

ಪ್ರತಿ ಡಿಸ್ಕಿಗೂ ಕನಿಷ್ಠ ದಪ್ಪ ನಿಗದಿಯಾಗಿರುತ್ತದೆ. ಸಾಮಾನ್ಯವಾಗಿ ಅದನ್ನು ಡಿಸ್ಕಿನ ಅಂಚಿನಲ್ಲೋ ನಡುಭಾಗದಲ್ಲೋ ಕೆತ್ತಿರುತ್ತಾರೆ. ಹೊಸದಾಗಿದ್ದಾಗ 22 ಎಂಎಂ ಇದ್ದ ಡಿಸ್ಕಿಗೆ ಮಿತಿ 20 ಎಂದಿದ್ದು, ಮೈಕ್ರೋಮೀಟರ್ 21.4 ತೋರಿಸಿದರೆ, ಬಿರುಕು, ಆಳವಾದ ಗೀರು ಇಲ್ಲದಿದ್ದರೆ, ಪೆಡಲ್ ಅದುರದಿದ್ದರೆ, ಹೊಸ ಪ್ಯಾಡ್ ಮಾತ್ರ ಸಾಕು. ಸಣ್ಣ ಗೀರುಗಳನ್ನು ಲೇತಿನಲ್ಲಿ ತೆಗೆಸಬಹುದು, ಆದರೆ ತೆಗೆದ ಮೇಲೂ ದಪ್ಪ ಮಿತಿಗಿಂತ ಮೇಲಿರಬೇಕು. ಮಿತಿ ದಾಟಿದ ಡಿಸ್ಕ್ ಬೇಗ ಕಾಯುತ್ತದೆ, ಬಿರುಕು ಬಿಡುತ್ತದೆ. ಅದನ್ನು ಉಳಿಸಿಕೊಳ್ಳುವ ಮಾತೇ ಬೇಡ.

ಪ್ಯಾಡಿನ ವಿಷಯದಲ್ಲಿ ಜಿಪುಣತನ ಸಲ್ಲದು. ಘರ್ಷಣೆಯ ಪದರ 3 ಎಂಎಂ ಆಸುಪಾಸಿಗೆ ಇಳಿದಾಗ ಬದಲಿಸುವುದು ಕ್ಷೇಮ. ಕಂಪನಿಯ ಮೂಲ ಪ್ಯಾಡ್ ದುಬಾರಿಯೆನಿಸಿದರೆ ರಾಣೆ, ಬಾಷ್‌ನಂತಹ ಹೆಸರುಗಳ ಪ್ಯಾಡ್‌ಗಳಿವೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಯಲ್ಲಿ ನಕಲಿಯೂ ಸಿಗಬಹುದು. ಹಾಗಾಗಿ ಪೆಟ್ಟಿಗೆಯ ಸೀಲು, ಪಾರ್ಟ್ ನಂಬರು, ‘ಆಸ್ಬೆಸ್ಟಾಸ್ ರಹಿತ’ ಎಂಬ ಬರಹ ನೋಡಿ, ಬಿಲ್ ಸಮೇತ ಕೊಳ್ಳಬೇಕು. ಚಾರ್ಮಾಡಿ, ಆಗುಂಬೆಯಂಥ ಘಾಟಿಗಳಲ್ಲಿ ಒಂದೇ ಸಮನೆ ಬ್ರೇಕ್ ಒತ್ತಿ ಇಳಿದರೆ ಕಳಪೆ ಪ್ಯಾಡ್ ಕಾದು ಹಿಡಿತ ಬಿಟ್ಟುಬಿಡುತ್ತದೆ.

ರಂಧ್ರ ಕೊರೆದ, ಗೆರೆ ಹಾಕಿದ ‘ಸ್ಪೋರ್ಟ್ಸ್’ ಡಿಸ್ಕ್‌ಗಳಿಗೆ ಹಣ ಸುರಿಯುವ ಅಗತ್ಯವೂ ಇಲ್ಲ. ಕಚೇರಿಗೂ ಊರಿಗೂ ಓಡಾಡುವ ಕಾರಿಗೆ ಸಾದಾ ಎರಕದ ಕಬ್ಬಿಣದ ಡಿಸ್ಕೇ ಸರಿ.

ಯಾವುದನ್ನು ಬದಲಿಸಿದರೂ ಎಡ-ಬಲ ಎರಡೂ ಚಕ್ರಗಳಿಗೆ ಒಟ್ಟಿಗೆ ಹಾಕಿಸಬೇಕು. ಒಂದೇ ಬದಿಗೆ ಹಾಕಿಸಿದರೆ ಬ್ರೇಕ್ ಒತ್ತಿದಾಗ ಕಾರು ಪಕ್ಕಕ್ಕೆ ಎಳೆಯುವ ಸಂಭವವಿದೆ. ಕ್ಯಾಲಿಪರಿನ ಪಿನ್ನುಗಳನ್ನು ತೊಳೆದು ಶಾಖ ತಡೆಯುವ ಬ್ರೇಕ್ ಗ್ರೀಸ್ ಹಚ್ಚುವುದು ಅಗ್ಗದ ಕೆಲಸ, ಆದರೆ ಅದನ್ನು ಬಿಟ್ಟರೆ ಪಿನ್ನು ಸಿಕ್ಕಿಕೊಂಡು ಹೊಸ ಪ್ಯಾಡ್ ಒಂದೇ ಬದಿಗೆ ಸವೆದುಹೋಗುತ್ತದೆ. ಹೊಸ ಡಿಸ್ಕಿನ ಮೇಲಿನ ತುಕ್ಕುನಿರೋಧಕ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಪೂರ್ತಿ ಒರೆಸಬೇಕು. ನಂತರ ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ರವರೆಗೆ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ ಹದವಾಗಿ ತಗ್ಗಿಸಿದರೆ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುತ್ತದೆ.

ಡಿಸ್ಕ್ ಉಳಿದು ಮಿಕ್ಕ ಹಣದಲ್ಲಿ ಬ್ರೇಕ್ ಆಯಿಲ್ ಬದಲಿಸಿಕೊಳ್ಳಿ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು, ತೇವ ಸೇರಿದ ಮೇಲೆ ಅದಕ್ಕಿರುವ ಕನಿಷ್ಠ ಮಿತಿ 155 ಮಾತ್ರ. ಎರಡು ವರ್ಷ ದಾಟಿದ್ದರೆ ಘಾಟಿ ಇಳಿಯುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ.